ಛತ್ರ ನಡೆಸುವವನು

ಭಾನುವಾರ ಬೆಳಗ್ಗೆ ಬೆಂಗಳೂರಿನ ಬಿಟಿಎಂ ಲೇಔಟಿನ ಒಳರಸ್ತೆಗಳಲ್ಲಿ ನಡೆದು ಹೋದರೆ ಅಲ್ಲಲ್ಲಿ ಮಹಡಿಯ ಮೇಲಿಂದ ಡ್ರಮ್ಮಿನ ಸದ್ದು ಕೇಳುತ್ತದೆ. ಕೆಳಗೆ ಮೊಬೈಲ್ ರಿಪೇರಿ ಅಂಗಡಿಯೋ ಕೋಚಿಂಗ್ ಸೆಂಟರೋ ಇರುತ್ತದೆ, ಮೇಲೆ ಬಾಡಿಗೆಗೆ ಹಿಡಿದ ಹಾಲಿನಲ್ಲಿ ಆರಾಧನೆ. ಒಂದು ಕಟ್ಟಡದಲ್ಲಿ ತೆಲುಗು, ಮುಂದಿನದರಲ್ಲಿ ಮಲಯಾಳ, ತಿರುವಿನಲ್ಲಿ ಹಿಂದಿ ಇಂಗ್ಲಿಷು ಕಲಸಿದ ಪ್ರಸಂಗ. ಕನ್ನಡದ ಆರಾಧನೆಯೂ ಉಂಟು. ಆದರೆ ಜಯನಗರ, ಬನಶಂಕರಿಯ ಹಳೆಯ ಕನ್ನಡ ಕ್ರೈಸ್ತ ಮನೆಗಳಲ್ಲಿ ಇಂದಿಗೂ ಹಡ್ಸನ್ ಸರ್ಕಲ್ಲಿನ ಚರ್ಚಿನವರೆಗೆ ಹೋಗಿಬರುವವರಿದ್ದಾರೆ. 1904ರಲ್ಲಿ ಕಟ್ಟಿದ ಆ ದೇವಾಲಯದ ಬೆಂಚುಗಳಲ್ಲಿ ಅಜ್ಜ ಕೂತ ಜಾಗ ಯಾವುದೆಂದು ಅವರಿಗೆ ಗೊತ್ತು. ಬಿಟಿಎಮ್ಮಿನ ಹಾಲುಗಳಲ್ಲಿ ಯಾರ ಅಜ್ಜನ ಜಾಗವೂ ಇಲ್ಲ. ಪ್ಲಾಸ್ಟಿಕ್ ಕುರ್ಚಿಗಳು, ಆರಾಧನೆ ಮುಗಿದ ಮೇಲೆ ಒಂದರ ಮೇಲೊಂದು ಪೇರಿಸಿಟ್ಟು ಹೋಗಬೇಕು.

ಅಲ್ಲಿ ಸೇರುವವರಲ್ಲಿ ಹೆಚ್ಚಿನವರು 25ರ ಆಸುಪಾಸಿನವರು. ಪಿಜಿಯ ಒಂದು ಕೋಣೆಯಲ್ಲಿ ಮೂರು ಮಂಚ, ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಆಚೆ ಆಫೀಸು, ಊರಲ್ಲಿ ಸಾಲ ತೀರಿಸುತ್ತಿರುವ ಅಪ್ಪ. ಇವರು ಪ್ರಾರ್ಥನೆಗೆ ಕೂತಾಗ ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ: ನನ್ನ ಬಾಳಿನ ಮೇಲೆ ದೇವರ ಉದ್ದೇಶ ಏನು? ಇದಕ್ಕೆ ಅವರದೇ ಆದ ಮಾತುಗಳಿವೆ. ಒಬ್ಬನಿಗೆ 'ಕರೆ' ಬಂದಿದೆ, ಇನ್ನೊಬ್ಬಳಿಗೆ 'ದರ್ಶನ' ಸಿಕ್ಕಿದೆ. "ನನಗೆ ಉತ್ತರ ಭಾರತದ ಮೇಲೆ ಭಾರ ಇದೆ ಅಂಕಲ್" ಎಂದು ಒಬ್ಬ ಹುಡುಗ ನನ್ನ ಹತ್ತಿರ ಹೇಳಿದ. ಅವನ ಕಣ್ಣಲ್ಲಿ ಸುಳ್ಳಿರಲಿಲ್ಲ. ಅಮೆರಿಕದ ಪಾದ್ರಿ ರಿಕ್ ವಾರನ್ ಇದೇ ಪ್ರಶ್ನೆಯನ್ನಿಟ್ಟುಕೊಂಡು 2002ರಲ್ಲಿ ಬರೆದ ಪುಸ್ತಕದಲ್ಲಿ ದಿನಕ್ಕೊಂದರಂತೆ ಓದಲು 40 ಅಧ್ಯಾಯಗಳಿವೆ. ನಲವತ್ತು ದಿನದಲ್ಲಿ ಬಾಳಿನ ಗುರಿ ತಿಳಿಯುವುದಾದರೆ ಯಾರಿಗೆ ಬೇಡ? ಅದು ಲೋಕದ ತುಂಬ ಕೋಟಿಗಟ್ಟಲೆ ಮಾರಾಟವಾಯಿತು.

ಈ ಪ್ರಶ್ನೆಯನ್ನು ಗೇಲಿ ಮಾಡುವ ಮನಸ್ಸು ನನಗಿಲ್ಲ. ಊರು ಬಿಟ್ಟು ಬಂದವನಿಗೆ ತಾನು ಇಲ್ಲಿ ಯಾಕಿದ್ದೇನೆ ಎಂದು ಅನ್ನಿಸದೇ ಇರುವುದಿಲ್ಲ. ಆದರೂ ಒಂದು ಅನುಮಾನ. ವಾರವಿಡೀ ಟಾರ್ಗೆಟ್ಟು, ಅಪ್ರೈಸಲ್ಲು, ಐದು ವರ್ಷದ ಪ್ಲಾನು ಎಂದು ಕೇಳಿಸಿಕೊಂಡ ಕಿವಿ ಭಾನುವಾರವೂ ಅದೇ ಭಾಷೆಯನ್ನು ಹುಡುಕುತ್ತಿದೆಯೇ? ದೇವರು ದೊಡ್ಡ ಮ್ಯಾನೇಜರನಾಗಿ, ನನ್ನ ಹೆಸರಿನ ಮುಂದೆ ಒಂದು ಪ್ರಾಜೆಕ್ಟು ಬರೆದಿಟ್ಟು, ಅದನ್ನು ನಾನು ಪತ್ತೆ ಹಚ್ಚಲಿ ಎಂದು ಕಾಯುತ್ತಿದ್ದಾನೆಯೇ?

ಸುವಾರ್ತೆಗಳನ್ನು ಈ ಅನುಮಾನ ಇಟ್ಟುಕೊಂಡು ಓದಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಯೇಸುವಿನ ಹತ್ತಿರ ಬಂದವರಲ್ಲಿ ಈ ಪ್ರಶ್ನೆ ಕೇಳಿದವರು ಯಾರೂ ಇಲ್ಲ. ಕುರುಡನಿಗೆ ಕಣ್ಣು ಬೇಕಿತ್ತು. ತಾಯಿಗೆ ಮಗಳು ಗುಣವಾಗಬೇಕಿತ್ತು. ಮದುವೆ ಮನೆಯಲ್ಲಿ ದ್ರಾಕ್ಷಾರಸ ಮುಗಿದಿತ್ತು. ನಮ್ಮ ಪ್ರಶ್ನೆಯ ಹತ್ತಿರ ಬರುವವರು ಇಬ್ಬರೇ, ಇಬ್ಬರೂ ನಿತ್ಯಜೀವಕ್ಕಾಗಿ ಏನು ಮಾಡಬೇಕು ಎಂದು ಕೇಳುತ್ತಾರೆ. ಒಬ್ಬ ಸಿರಿವಂತ, ಇದ್ದದ್ದನ್ನು ಮಾರಿ ಬಡವರಿಗೆ ಕೊಡು ಎಂದಾಗ ಮುಖ ಸಪ್ಪೆ ಮಾಡಿಕೊಂಡು ಹೊರಟುಹೋದ. ಇನ್ನೊಬ್ಬ ಧರ್ಮಶಾಸ್ತ್ರ ಬಲ್ಲವನು. ನೆರೆಯವನೆಂದರೆ ಯಾರು ಎಂದು ಮರುಪ್ರಶ್ನೆ ಹಾಕಿದ್ದಕ್ಕೆ ಅವನಿಗೆ ಸಿಕ್ಕಿದ್ದು ಒಂದು ಕತೆ.

ಕತೆ ಎಲ್ಲರಿಗೂ ಗೊತ್ತು. ಯೆರೂಸಲೇಮಿನಿಂದ ಯೆರಿಕೋವಿಗೆ ಸುಮಾರು 1000 ಮೀಟರ್ ಕೆಳಗಿಳಿಯುವ ಬೆಂಗಾಡಿನ ದಾರಿ, ಕಳ್ಳರು ಹೊಡೆದು ಕೆಡವಿದ ಮನುಷ್ಯ, ಕಂಡೂ ಪಕ್ಕಕ್ಕೆ ಸರಿದ ಯಾಜಕ, ಅವನ ಹಿಂದೆಯೇ ಬಂದ ಲೇವಿಯ, ಕೊನೆಗೆ ಕತ್ತೆಯಿಂದಿಳಿದ ಸಮಾರ್ಯದವನು. ಈ ಮೂವರಿಗೂ ಗುರಿ ಇತ್ತು ಎಂಬುದನ್ನು ನಾವು ಮರೆಯುತ್ತೇವೆ. ಸುಮ್ಮನೆ ತಿರುಗಾಡಲು ಆ ದಾರಿ ಹಿಡಿಯುವವರಿಲ್ಲ. ಯಾಜಕನಿಗಂತೂ ದೇವರ ಕೆಲಸವೇ ಕಸುಬು. ಅವನ ಗುರಿಯ ಬಗ್ಗೆ ಯಾರೂ ಬೆರಳೆತ್ತುವಂತಿಲ್ಲ. ಸಮಾರ್ಯದವನಿಗೂ ಎಲ್ಲೋ ವ್ಯವಹಾರವಿತ್ತು. ಅವನ ಹೆಚ್ಚುಗಾರಿಕೆ ಇಷ್ಟೇ: ಅವನನ್ನು ತಡೆಯಬಹುದಾಗಿತ್ತು. ಸಿಗ್ನಲ್ಲು ಹಸಿರಾದ ಅರೆಕ್ಷಣಕ್ಕೆ ಹಿಂದಿನಿಂದ ಹಾರ್ನ್ ಒತ್ತುವ ನಮ್ಮ ಸಿಲ್ಕ್ ಬೋರ್ಡಿನಲ್ಲಿ ನಿಂತು ನೋಡಿದರೆ ಇದು ಎಷ್ಟು ಅಪರೂಪದ ಗುಣ ಎಂಬುದು ತಿಳಿಯುತ್ತದೆ.

ಪ್ರಸಂಗಗಳು ಸಾಮಾನ್ಯವಾಗಿ ಸಮಾರ್ಯದವನಿಗೆ ಹಾರ ಹಾಕಿ ಇಲ್ಲಿಗೆ ಮುಗಿಯುತ್ತವೆ. ನನ್ನ ಗಮನ ಹೋಗುವುದು ಕತೆಯಲ್ಲಿ ಒಂದೂ ಮಾತಾಡದ ಇನ್ನೊಬ್ಬನ ಕಡೆಗೆ. ಗಾಯಾಳುವನ್ನು ಛತ್ರಕ್ಕೆ ತಂದು, ಒಂದು ರಾತ್ರಿ ಆರೈಕೆ ಮಾಡಿ, ಮರುದಿನ ಸಮಾರ್ಯದವನು ತನ್ನ ದಾರಿ ಹಿಡಿದ. ಅದೂ ಸರಿಯೇ, ಅವನ ಕೆಲಸ ಅವನಿಗಿತ್ತು. ಹೋಗುವಾಗ ಛತ್ರದವನ ಕೈಗೆ ಎರಡು ಬೆಳ್ಳಿ ನಾಣ್ಯ ಕೊಟ್ಟ, ಅಂದರೆ ಆ ಕಾಲದ ಎರಡು ದಿನದ ಕೂಲಿ. ಹೆಚ್ಚು ಖರ್ಚಾದರೆ ಬರುವಾಗ ಕೊಡುತ್ತೇನೆ ಎಂದ. ಆಮೇಲಿನ ದಿನಗಳು ಯಾರವು? ಗಾಯ ಕೀವಾದರೆ ತೊಳೆಯುವುದು, ಅವನು ರಾತ್ರಿ ನರಳಿದರೆ ಏಳುವುದು, ಬೇರೆ ಗಿರಾಕಿಗಳು ವಾಸನೆ ಎಂದರೆ ಸಮಾಧಾನ ಹೇಳುವುದು, ಎಲ್ಲ ಛತ್ರದವನ ಪಾಲಿಗೆ. ಅವನಿಗೆ ಕರೆಯೂ ಬಂದಿರಲಿಲ್ಲ, ದರ್ಶನವೂ ಸಿಕ್ಕಿರಲಿಲ್ಲ. ದುಡ್ಡು ಇಸಿದುಕೊಂಡು ಮಾಡಿದ ಕೆಲಸ ಅದು.

ನಮ್ಮ ದಕ್ಷಿಣ ಬೆಂಗಳೂರಿನ ಒಂದು ಅಂಚು ಪೂರ್ತಿ ಇಂಥ ಛತ್ರವೇ. ಜಯನಗರದ ಪೂರ್ವಕ್ಕೆ ಹೊಸೂರು ರಸ್ತೆಯ ಸುತ್ತ ನಿಮ್ಹಾನ್ಸ್, ಕಿದ್ವಾಯಿ, ಸಂಜಯ್ ಗಾಂಧಿ ಆಸ್ಪತ್ರೆ, ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ, ಎದೆರೋಗದ ಆಸ್ಪತ್ರೆ ಒಂದರ ಬೆನ್ನಿಗೊಂದು ನಿಂತಿವೆ. ಮನಸ್ಸು ಕೆಟ್ಟವರು, ಕ್ಯಾನ್ಸರಿನವರು, ಮೂಳೆ ಮುರಿದವರು, ಉಸಿರು ಸಿಗದವರು ಒಂದೇ ಬಸ್‌ಸ್ಟಾಪಿನಲ್ಲಿ ಇಳಿಯುತ್ತಾರೆ. ಬನ್ನೇರುಘಟ್ಟ ರಸ್ತೆಗೆ ಬಂದರೆ ಜಯದೇವ. ಮಡಿವಾಳ ದಾಟಿದರೆ ಸೇಂಟ್ ಜಾನ್ಸ್. ಅಲ್ಲಿನ ವೈದ್ಯಕೀಯ ಕಾಲೇಜನ್ನು 1963ರಲ್ಲಿ ಭಾರತದ ಕಥೋಲಿಕ ಬಿಷಪರ ಸಮ್ಮೇಳನ ಶುರು ಮಾಡಿತು. ರಾಯಚೂರು, ಕೋಲಾರ, ಆಚೆ ಅನಂತಪುರದಿಂದ ಬಂದ ಮನೆಯವರು ಫುಟ್‌ಪಾತಿನಲ್ಲಿ ಚಾಪೆ ಹಾಸಿ ಮಲಗುತ್ತಾರೆ. ಈ ಆಸ್ಪತ್ರೆಗಳಲ್ಲಿ ಸರ್ಕಾರದವು ಹೆಚ್ಚು, ಎಲ್ಲ ಮತದವರೂ ದುಡಿಯುತ್ತಾರೆ. ಛತ್ರಕ್ಕೆ ಶಿಲುಬೆಯ ಬೋರ್ಡು ಬೇಕೇ ಬೇಕೆಂದೇನೂ ಇಲ್ಲ. ಯೇಸು ಹೇಳಿದ ಕತೆಯಲ್ಲೂ ಇರಲಿಲ್ಲ.

ಇಂಥದೇ ಒಂದು ಆಸ್ಪತ್ರೆಯಲ್ಲಿ ನೆಂಟರೊಬ್ಬರ ಹಾಸಿಗೆ ಪಕ್ಕ ರಾತ್ರಿ ಕೂತಿದ್ದಾಗ ಆ ವಾರ್ಡಿನ ನರ್ಸಮ್ಮನನ್ನು ನೋಡುತ್ತಿದ್ದೆ. ಕೇರಳದವರು, ಮಡಿವಾಳದ ಪಿಜಿಯಲ್ಲಿ ವಾಸ, ಬೆರಳಲ್ಲಿ ಜಪಸರದ ಉಂಗುರ. ಅರ್ಧ ಲೀಟರ್ ಸಲೈನು ಎಂಟು ಗಂಟೆಯಲ್ಲಿ ಇಳಿಯಬೇಕು ಎಂದು ಡಾಕ್ಟರು ಬರೆದುಹೋಗಿದ್ದರು. ಒಂದು ಮಿಲಿ ಲೀಟರಿಗೆ 20 ಹನಿ, ಹಾಗಾಗಿ ನಿಮಿಷಕ್ಕೆ ಹೆಚ್ಚು ಕಡಿಮೆ 21 ಹನಿ. ಆಕೆ ಕೈಗಡಿಯಾರವನ್ನು ಬಾಟಲಿಯ ಕೆಳಗಿನ ಕೊಳವೆಯ ಹತ್ತಿರ ಹಿಡಿದು, 15 ಸೆಕೆಂಡು ತುಟಿಯಲ್ಲೇ ಎಣಿಸಿದರು. ಏಳು ಬಿತ್ತು. ಪುಟ್ಟ ಚಕ್ರವನ್ನು ಹೆಬ್ಬೆರಳಿನಿಂದ ಒಂದು ಕೂದಲಿನಷ್ಟು ತಿರುಗಿಸಿ ಮತ್ತೆ ಎಣಿಸಿದರು. ಐದು. ಪಕ್ಕದ ಮಂಚದಲ್ಲಿ ಪಾರ್ಶ್ವವಾಯು ಬಡಿದ ಮುದುಕರು. ಬೆನ್ನಿಗೆ ಹುಣ್ಣಾಗಬಾರದೆಂದು ಎರಡು ಗಂಟೆಗೊಮ್ಮೆ ಅವರನ್ನು ಮಗ್ಗುಲು ಬದಲಿಸಿ ಮಲಗಿಸಬೇಕು. ಆಕೆ ಬಂದಾಗಲೆಲ್ಲ ಮೊದಲು ಅವರ ಭುಜ ಮುಟ್ಟಿ, "ಅಪ್ಪಾಜಿ, ತಿರುಗಿಸ್ತೀನಿ" ಎಂದು ಹೇಳಿಯೇ ತಿರುಗಿಸುತ್ತಿದ್ದರು. ಮುದುಕರಿಗೆ ಕೇಳಿಸುತ್ತಿತ್ತೋ ಇಲ್ಲವೋ. ಇದು ದೊಡ್ಡ ಸೇವೆಯಮ್ಮ ಎಂದು ಬಾಯಿತಪ್ಪಿ ಹೊಗಳಿದೆ. ಆಕೆ ನಕ್ಕರು. "ಇದು ಡ್ಯೂಟಿ ಸಾರ್. ಸೇವೆ ಸಂಡೇ, ಕ್ವಾಯರಲ್ಲಿ ಹಾಡ್ತೀನಿ."

ಈ ಉತ್ತರವನ್ನು ಆಕೆಗೆ ಕಲಿಸಿದವರು ನಾವೇ, ಅಂದರೆ ಚರ್ಚು. ಭಾನುವಾರದ ಹಾಡು ಸೇವೆ, ಸೋಮವಾರದ ಹನಿ ಎಣಿಕೆ ಸಂಬಳದ ಕೆಲಸ. ಬೈಬಲ್ ಕಾಲೇಜಿಗೆ ಹೊರಟವನಿಗೆ ವೇದಿಕೆಗೆ ಕರೆದು ಕೈಯಿಟ್ಟು ಪ್ರಾರ್ಥನೆ, ನೈಟ್ ಶಿಫ್ಟಿಗೆ ಹೊರಟವಳಿಗೆ ಅಂಥದ್ದೇನೂ ಇಲ್ಲ. ಕನ್ನಡ ನೆಲದಲ್ಲಿದ್ದುಕೊಂಡು ಈ ಭೇದ ಮಾಡುವುದಕ್ಕೆ ನಮಗೆ ನಾಚಿಕೆಯಾಗಬೇಕು. 12ನೇ ಶತಮಾನದಲ್ಲೇ ಇಲ್ಲಿ ಕಾಯಕ ಎಂಬ ವಿಚಾರ ಹುಟ್ಟಿತ್ತು. ಕಾಯಕವೆಂದರೆ ಬಿಟ್ಟಿ ದುಡಿಮೆಯಲ್ಲ. ಬೆವರಿನ ಗಳಿಕೆ ಬೇಕು, ಅದರಿಂದಲೇ ದಾಸೋಹ ನಡೆಯಬೇಕು. ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದ ಗಂಡನನ್ನು ವಾಪಸು ಸುರಿದು ಬಾ ಎಂದು ಕಳಿಸಿದ ಆಯ್ದಕ್ಕಿ ಲಕ್ಕಮ್ಮನ ಕತೆಯಲ್ಲಿ ಹುರುಪಿಗೂ ಒಂದು ಅಳತೆ ಇದೆ.

ಕನ್ನಡ ನೆಲದ ಇಂಥ ತಿಳಿವಿನ ಬೆಲೆ ಕಂಡುಕೊಂಡ ಒಬ್ಬ ಕನ್ನಡ ಪಾದ್ರಿ ನಮ್ಮಲ್ಲೇ ಇದ್ದರು. ಉತ್ತಂಗಿ ಚನ್ನಪ್ಪ (1881–1962), ಹೂವಿನಹಡಗಲಿ ಕಡೆಯ ಉತ್ತಂಗಿ ಗ್ರಾಮದವರು, ಬಾಸೆಲ್ ಮಿಷನ್ನಿನ ಸಭೆಗಳಲ್ಲಿ ದುಡಿದವರು. ಅವರ ಗುರಿಯೇನು ಎಂಬುದರಲ್ಲಿ ಅವರಿಗೆ ಅನುಮಾನವಿರಲಿಲ್ಲ: ಸುವಾರ್ತೆ ಸಾರುವುದು. 'ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ' ಎಂಬುದು ಅವರ ಪುಸ್ತಕವೊಂದರ ಹೆಸರು; ಆ ಹೆಸರಿನಲ್ಲೇ ಅವರ ಉಮೇದು ಗೊತ್ತಾಗುತ್ತದೆ. ಹೀಗೆ ಸಾರಲು ಹೊರಟವರನ್ನು ದಾರಿಯಲ್ಲಿ ತಡೆದವನು ಸರ್ವಜ್ಞ. ಊರೂರಿನ ಬಾಯಲ್ಲಿ, ಹಳೆಯ ಕಟ್ಟುಗಳಲ್ಲಿ ಚೆಲ್ಲಾಪಿಲ್ಲಿಯಾಗಿದ್ದ ತ್ರಿಪದಿಗಳನ್ನು ಉತ್ತಂಗಿಯವರು ವರ್ಷಗಟ್ಟಲೆ ಆಯ್ದು, ಪಾಠ ಹೋಲಿಸಿ, 1924ರಲ್ಲಿ ಅಚ್ಚು ಹಾಕಿಸಿದರು. ಆಮೇಲೆ ಅನುಭವ ಮಂಟಪದ ಚರಿತ್ರೆಯ ಬೆನ್ನು ಹತ್ತಿದರು. 1949ರ ಕಲಬುರಗಿ ಸಾಹಿತ್ಯ ಸಮ್ಮೇಳನಕ್ಕೆ ಕನ್ನಡಿಗರು ಅವರನ್ನೇ ಅಧ್ಯಕ್ಷರನ್ನಾಗಿ ಕೂರಿಸಿದರು. 'ತಿರುಳ್ಗನ್ನಡ ತಿರುಕ' ಎಂಬ ಹೆಸರೂ ಉಳಿಯಿತು. ಕ್ರಿಸ್ತನನ್ನು ಬಿಟ್ಟು ಅವರು ಈ ಕಡೆ ಬಂದವರಲ್ಲ. ಕೊನೆಯವರೆಗೂ ಕ್ರೈಸ್ತರಾಗಿಯೇ ಬಾಳಿದರು. ಗುರಿ ಹಿಡಿದು ಹೊರಟ ಮನುಷ್ಯ ದಾರಿಯಲ್ಲಿ ಬಿದ್ದಿದ್ದದ್ದನ್ನು ಕಂಡು ಕತ್ತೆಯಿಂದ ಇಳಿದ, ಅಷ್ಟೆ. ಸಭೆಯ ಲೆಕ್ಕದ ಪುಸ್ತಕದಲ್ಲಿ ಸರ್ವಜ್ಞನಿಗಾಗಿ ಕಳೆದ ವರ್ಷಗಳನ್ನು ಯಾವ ಕಾಲಮ್ಮಿನಲ್ಲಿ ಬರೆಯುವುದು?

ಲೂಕನ ಸುವಾರ್ತೆಯಲ್ಲಿ ಸಮಾರ್ಯದವನ ಕತೆ ಮುಗಿದ ಕೂಡಲೇ ಬರುವುದು ಮಾರ್ಥಾ ಮರಿಯರ ಮನೆ. ತಂಗಿ ಗುರುವಿನ ಪಾದದ ಬಳಿ ಕೂತು ಕೇಳುತ್ತಾಳೆ, ಅಕ್ಕ ಅಡುಗೆ ಮನೆಯಲ್ಲಿ ಒದ್ದಾಡುತ್ತಾಳೆ, ದೂರುತ್ತಾಳೆ, ಮೆತ್ತಗೆ ಬೈಸಿಕೊಳ್ಳುತ್ತಾಳೆ. ಎಲ್ಲರ ಹೊಗಳಿಕೆಯೂ ಮರಿಯಳಿಗೆ. ಆದರೆ ಸುಮಾರು 700 ವರ್ಷಗಳ ಹಿಂದೆ ಜರ್ಮನಿಯ ಅನುಭಾವಿ ಎಕ್‌ಹಾರ್ಟ್ ಒಂದು ಪ್ರಸಂಗದಲ್ಲಿ ಇದನ್ನು ತಲೆಕೆಳಗು ಮಾಡಿದ: ಮರಿಯ ಇನ್ನೂ ಕಲಿಯುತ್ತಿರುವವಳು, ಮಾರ್ಥಾ ಪಳಗಿದವಳು, ಕೆಲಸದ ನಡುವೆಯೂ ಕದಲದೆ ನಿಲ್ಲಬಲ್ಲವಳು ಎಂಬುದು ಅವನ ವಾದ. 1886ರಲ್ಲಿ ಬೆಂಗಳೂರಿನಲ್ಲಿ ಆಸ್ಪತ್ರೆ ತೆರೆದ ಗುಡ್ ಶೆಫರ್ಡ್ ಸಿಸ್ಟರುಗಳು ಎಕ್‌ಹಾರ್ಟನನ್ನು ಓದಿದ್ದರೆಂದು ನಾನು ಹೇಳುತ್ತಿಲ್ಲ. ಆದರೆ ಆ ಆಸ್ಪತ್ರೆಗೆ ಹೆಸರು ಬಂದದ್ದು ಬೈಸಿಕೊಂಡವಳದು. ಈ ನಗರದ ಎಷ್ಟೋ ಮನೆಗಳಲ್ಲಿ ಮಕ್ಕಳು ಹುಟ್ಟಿದ್ದು 'ಮಾರ್ಥಾಸ್'ನಲ್ಲಿ.

ಇಲ್ಲಿಯವರೆಗೆ ಹೇಳಿದ್ದು ಸಲೀಸು. ತಡೆದಾಗ ನಿಲ್ಲಬೇಕು ಎಂದು ಹೇಳಿಬಿಡಬಹುದು. ಆದರೆ ನಿಂತದ್ದರ ಬೆಲೆಯನ್ನು ತೆರುವವರು ಯಾರು? ಮಾರ್ಕನ ಐದನೆಯ ಅಧ್ಯಾಯಕ್ಕೆ ಬಂದಾಗಲೆಲ್ಲ ನನ್ನನ್ನು ಈ ಪ್ರಶ್ನೆ ಹಿಡಿದು ನಿಲ್ಲಿಸುತ್ತದೆ. ಯಾಯೀರನೆಂಬ ಸಭಾಮಂದಿರದ ಮುಖ್ಯಸ್ಥ ಬಂದು ಕಾಲಿಗೆ ಬೀಳುತ್ತಾನೆ. ಮಗಳಿಗೆ 12 ವರ್ಷ, ಜೀವ ಹೋಗುತ್ತಿದೆ. ಯೇಸು ಹೊರಡುತ್ತಾನೆ, ಜನ ನೂಕುನುಗ್ಗಲು. ಆ ಗದ್ದಲದಲ್ಲಿ 12 ವರ್ಷದಿಂದ ರಕ್ತಸ್ರಾವದಲ್ಲಿ ಬಳಲಿ, ವೈದ್ಯರಿಗೆಲ್ಲ ಸುರಿದು ಬರಿಗೈಯಾದ ಹೆಂಗಸೊಬ್ಬಳು ಹಿಂದಿನಿಂದ ಬಂದು ಬಟ್ಟೆ ಮುಟ್ಟುತ್ತಾಳೆ. ಗುಣವಾಗುತ್ತಾಳೆ. ಅಲ್ಲಿಗೆ ಅವಳ ಕೆಲಸ ಆಯಿತು, ಮುಂದೆ ನಡೆಯಬಹುದಿತ್ತು. ಯೇಸು ನಡೆಯುವುದಿಲ್ಲ. ನಿಂತು, ಯಾರು ಮುಟ್ಟಿದ್ದು ಎಂದು ಸುತ್ತ ನೋಡುತ್ತಾನೆ. ಅವಳು ನಡುಗುತ್ತ ಮುಂದೆ ಬಂದು ಇದ್ದದ್ದನ್ನೆಲ್ಲ ಹೇಳುವವರೆಗೂ ಕಾಯುತ್ತಾನೆ. 12 ವರ್ಷದ ಕತೆ ಎರಡು ಮಾತಿನಲ್ಲಿ ಮುಗಿದಿರಲಾರದು.

ಆ ಹೊತ್ತು ಯಾಯೀರ ಎಲ್ಲಿ ನೋಡುತ್ತಿದ್ದ? ಪ್ರಸಂಗಿಗಳು ಆ ಹೆಂಗಸಿನ ನಂಬಿಕೆಯ ಬಗ್ಗೆ ಗಂಟೆಗಟ್ಟಲೆ ಹೇಳುತ್ತಾರೆ, ಪಕ್ಕದಲ್ಲೇ ನಿಂತ ತಂದೆಯ ಮುಖವನ್ನು ಯಾರೂ ನೋಡುವುದಿಲ್ಲ. ತನ್ನ ಮಗಳಿಗಾಗಿ ಹೊರಟ ವೈದ್ಯ ದಾರಿಯಲ್ಲಿ ಇನ್ನೊಬ್ಬರ ಕೇಸು ಕೇಳುತ್ತ ನಿಂತಿದ್ದಾನೆ. ಜಯದೇವದ ಫ್ಲೈಓವರಿನ ಕೆಳಗೆ ಸಿಕ್ಕಿಕೊಂಡ ಆಂಬುಲೆನ್ಸಿನೊಳಗೆ ಕೂತವರಿಗೆ ಗೊತ್ತಿರುತ್ತದೆ ಅವನ ಪಾಡು. ಹೆಂಗಸು ಇನ್ನೂ ಮಾತಾಡಿ ಮುಗಿಸಿರುವುದಷ್ಟೇ, ಮನೆಯಿಂದ ಆಳು ಬರುತ್ತದೆ: ಮಗಳು ಹೋದಳು, ಇನ್ನು ಗುರುವಿಗೆ ಯಾಕೆ ತೊಂದರೆ.

ಮಾರ್ಕನ ಕತೆಯಲ್ಲಿ ಹುಡುಗಿ ಎದ್ದು ಕೂತಳು. ನಮ್ಮ ಮನೆಗಳಲ್ಲಿ ಹಾಗಾಗುವುದಿಲ್ಲ. ಹುರುಪಿನ ವಿಶ್ವಾಸಿಗಳ ಮನೆಗಳನ್ನು ನಾನು ಹತ್ತಿರದಿಂದ ನೋಡಿದ್ದೇನೆ. ವಾರದಲ್ಲಿ ಐದು ಸಂಜೆ ಪ್ರಾರ್ಥನೆ ಕೂಟ, ಶನಿವಾರ ಉಪವಾಸ ಪ್ರಾರ್ಥನೆ, ರಜೆ ಬಂದರೆ ಹಳ್ಳಿಗಳಲ್ಲಿ ಸುವಾರ್ತೆ. ಮನೆಯಲ್ಲಿ ಒಂಬತ್ತನೇ ಕ್ಲಾಸಿನ ಹುಡುಗಿ ಗಣಿತದ ಪುಸ್ತಕ ತೆರೆದು ಕೂತಿರುತ್ತಾಳೆ, ಅಪ್ಪ ಬರುವಷ್ಟರಲ್ಲಿ ನಿದ್ದೆ ಹೋಗಿರುತ್ತಾಳೆ. ದೇವರಿಗಾಗಿ ಕೊಟ್ಟೆ ಎಂದು ನಾವು ಹೇಳುವುದರಲ್ಲಿ ಎಷ್ಟು ಪಾಲು ನಮ್ಮದಾಗಿರುತ್ತದೆ, ಎಷ್ಟು ಪಾಲು ಮನೆಯವರ ಕೈಯಿಂದ ಕೇಳದೆ ಕಿತ್ತುಕೊಂಡದ್ದಾಗಿರುತ್ತದೆ?

ದೊಡ್ಡವರ ಮನೆಯಲ್ಲೂ ಇದೇ. ಬಾಸೆಲ್ ಮಿಷನ್ನಿನ ಹರ್ಮನ್ ಗುಂಡರ್ಟರು ಮಲಯಾಳಕ್ಕೆ ಮಾಡಿದ್ದು, ನಮ್ಮ ಕಿಟೆಲರು 1894ರ ನಿಘಂಟಿನ ಮೂಲಕ ಕನ್ನಡಕ್ಕೆ ಮಾಡಿದಂಥದ್ದೇ ಕೆಲಸ. ಗುಂಡರ್ಟರ ಮಗಳು ಮರೀ 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದಳು. ಇನ್ನೂ ಪುಟ್ಟ ಮಗುವಾಗಿದ್ದಾಗ ಯುರೋಪಿಗೆ ಕರೆದೊಯ್ದು, ಅಲ್ಲೇ ಬಿಟ್ಟು, ತಂದೆತಾಯಿ ಮಿಷನ್ ಕೆಲಸಕ್ಕೆ ಮರಳಿದರು. ಆಗಿನ ಮಿಷನರಿ ಮಕ್ಕಳ ಪಾಡೇ ಹಾಗಿತ್ತು. ಓದಿಗೆಂದು ದೂರದೇಶದಲ್ಲಿ ಬೆಳೆಯಬೇಕು. ಮರೀ ಮತ್ತೆ ಮಲಬಾರಿಗೆ ಬಂದದ್ದು 15 ವರ್ಷದ ಹುಡುಗಿಯಾಗಿ. ಅವಳ ಮಗನೇ ಮುಂದೆ 'ಸಿದ್ಧಾರ್ಥ' ಬರೆದ ಹರ್ಮನ್ ಹೆಸ್ಸೆ. ಗುಂಡರ್ಟರ ನಿಘಂಟನ್ನು ತೆರೆದು ಕೃತಜ್ಞನಾಗುವ ಮಲಯಾಳಿ ಓದುಗನಿಗೆ ಅದರ ಬೆಲೆಯಲ್ಲಿ ಆ ಮಗುವಿನ ಪಾಲೂ ಇದೆ ಎಂದು ಯಾರೂ ಹೇಳುವುದಿಲ್ಲ. ಆ ಹಿರಿಯರ ಕೆಲಸ ಸಣ್ಣದು ಎಂದಲ್ಲ. ತಾನು ಒಪ್ಪಿ ತೆತ್ತ ಬೆಲೆಗೂ ಒಪ್ಪಿಗೆ ಕೇಳದೆ ಇನ್ನೊಬ್ಬರಿಂದ ತೆರಿಸಿದ ಬೆಲೆಗೂ ವ್ಯತ್ಯಾಸವಿದೆ. ಸಾಕ್ಷಿ ಹೇಳುವಾಗ ಎರಡನ್ನೂ ಒಂದೇ ಗಂಟು ಕಟ್ಟುವುದು ನನಗೆ ಒಪ್ಪಿಗೆಯಿಲ್ಲ.

ಹಾಗಾದರೆ ಯಾವಾಗ ನಿಲ್ಲಬೇಕು, ಯಾವಾಗ ನಡೆಯಬೇಕು? ಸೂತ್ರವೇನೂ ಮಾರ್ಕನಲ್ಲಿ ಇಲ್ಲ. ಇರುವುದು ಇಷ್ಟು: ಹೆಂಗಸಿಗಾಗಿ ನಿಂತ ಯೇಸು ಯಾಯೀರನನ್ನು ಮರೆತಿರಲಿಲ್ಲ. ಆಳು ತಂದ ಸುದ್ದಿಯನ್ನು ಕಿವಿಯ ಮೇಲೆ ಹಾಕಿಕೊಂಡು, ಹೆದರಬೇಡ ಎಂದು ಮೊದಲು ಅವನಿಗೇ ಹೇಳಿದ. ಹಿಂದೆ ಬರುತ್ತಿದ್ದ ಜನರನ್ನೆಲ್ಲ ಬಿಟ್ಟು ಮೂವರು ಶಿಷ್ಯರನ್ನಷ್ಟೇ ಕರೆದುಕೊಂಡು ಹೋದ. ಮನೆಯಲ್ಲಿ ಗೋಳಾಡುತ್ತಿದ್ದವರನ್ನು ಹೊರಗೆ ಕಳಿಸಿದ. ಒಳಗೆ ಉಳಿದವರು ಅಪ್ಪ, ಅಮ್ಮ, ಆ ಮೂವರು. ಕೈ ಹಿಡಿದು ಎಬ್ಬಿಸಿದ. ಹುಡುಗಿ ಎದ್ದು ಓಡಾಡಿದಳು, ಎಲ್ಲರಿಗೂ ಬೆರಗು.

ಆಗ ಅವನು ಹೇಳಿದ್ದು ಎರಡು ಮಾತು. ಇದನ್ನು ಯಾರಿಗೂ ಹೇಳಬೇಡಿ ಎಂಬುದು ಒಂದು. ಸಾಕ್ಷಿಗೆ ಮೈಕು ಹಿಡಿಯುವ ನಮಗೆ ಅದು ಅಷ್ಟಾಗಿ ರುಚಿಸುವುದಿಲ್ಲ. ಅವಳಿಗೆ ಊಟಕ್ಕೆ ಏನಾದರೂ ಕೊಡಿ ಎಂಬುದು ಎರಡನೆಯದು. ಎದ್ದು ಕೂತದ್ದು ಭೂತವಲ್ಲ, ಜೀವವಿರುವ ದೇಹ ಎಂದು ತೋರಿಸಲು ಹಾಗೆ ಹೇಳಿದ ಎಂದು ವ್ಯಾಖ್ಯಾನ ಬರೆದವರಿದ್ದಾರೆ. ನನಗೆ ಅಷ್ಟು ತರ್ಕ ಬೇಕೆನಿಸುವುದಿಲ್ಲ. ಸಾಯುವಷ್ಟು ಕಾಯಿಲೆಯಲ್ಲಿ ಮಲಗಿದ್ದ 12 ವರ್ಷದ ಹುಡುಗಿ ಎದ್ದು ಕೂತರೆ ಹೊಟ್ಟೆ ಹಸಿದಿರುತ್ತದೆ. ಅಪ್ಪ ಅಮ್ಮ ಬಾಯಿ ತೆರೆದು ನಿಂತಿದ್ದರು. ಯಾರಾದರೂ ಒಬ್ಬರಿಗೆ ಅಡುಗೆ ಮನೆಯ ನೆನಪಾಗಬೇಕಿತ್ತು, ಅವನಿಗಾಯಿತು.